ಗೇಣು ಎರೆ, ಕೆಳಗೆ ಗರಸು

ಅಂದು ನಲ್ಲಿಗೆ ನೀರು ಬಂತು.

ಸಂಗನಬಸುವನ್ನು ಮಣ್ಣು ಮಾಡಿ ನಾಲ್ಕನೇ ದಿನ. ಮೂರನೇ ದಿನದ ಕಾರ್ಯ ಮುಗಿಸಿಕೊಂಡು ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಅಂಗಳದ ಜಮಖಾನೆಗಳನ್ನು ಬಾಡಿಗೆಯವರು ಸುತ್ತಿ ಒಯ್ದಿದ್ದರು. ಅವನ ಹೆಂಡತಿ ದಾನೇಶ್ವರಿ ನಾಲ್ಕು ಕೊಡ ತುಂಬಿದಳು. ಐದನೆಯದನ್ನು ನಲ್ಲಿಯ ಕೆಳಗಿಟ್ಟು ಹಾಗೇ ನಿಂತಳು. ಅದು ತುಂಬಿತು, ಹರಿಯಿತು, ಅಂಗಳ ಕೆಸರಾಯಿತು.

"ನೀರು ಪುಗಸಟ್ಟೆ ಬರ್ತಾವೇನು?" ಎಂದು ಅತ್ತೆ ಒಳಗಿನಿಂದ ಕೂಗಿದಳು.

ದಾನೇಶ್ವರಿ ನಲ್ಲಿ ನಿಲ್ಲಿಸಿದಳು.

ನಾನು ಕೊಟ್ಟಿಗೆಯ ಗೋಡೆಗೆ ಒರಗಿದ್ದೆ. ಸಂಗನಬಸು ನನ್ನನ್ನು ಈ ಮನೆಗೆ ತಂದು ಅಂದಿಗೆ ಎಂಟು ದಿನ. ನನ್ನ ಬಾಯಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಅವನ ಅಣ್ಣ ಬಸವಂತ ಹಲ್ಲುಜ್ಜುತ್ತ ಹೊರಗೆ ಬಂದವನು ನನ್ನನ್ನು ಎಡವಿದ.

"ಇದ್ಯಾವ ಕಬ್ಬಣ ದಾರ್ಯಾಗ? ಗುಜರಿಯಾಂವ ಬಂದ್ರ ಹಾಕಿಬಿಡು, ದಾನವ್ವ."

"ಅದು ನಮ್ದಲ್ರಿ."

"ಮತ್ತ ಯಾರ್ದು?"

ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು. ನಾನು ಯಾರದೆಂದು ಅವಳಿಗೆ ಗೊತ್ತಿತ್ತು. ಆ ಹೆಸರನ್ನು ಆ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಯಾರೂ ಹೇಳಿರಲಿಲ್ಲ.

ನಾನು ಒಂದು ಮಣ್ಣಿನ ಬೈರಿಗೆ. ನೆಲಕ್ಕೆ ಒತ್ತಿ ತಿರುವಿದರೆ ಇಳಿಯುತ್ತೇನೆ. ಎಳೆದರೆ ಆ ಆಳದ ಮಣ್ಣನ್ನು ಬಾಯಲ್ಲಿ ಕಚ್ಚಿಕೊಂಡು ಬರುತ್ತೇನೆ. ಇಷ್ಟೇ ನನ್ನ ಕೆಲಸ. ಈ ಸೀಮೆಯಲ್ಲಿ ನನ್ನನ್ನು ಗಿರಮಿಟ್ಟು ಅನ್ನುತ್ತಾರೆ.

ಮೂವತ್ತನಾಲ್ಕು ವರ್ಷಗಳ ಹಿಂದೆ ಕಾಳಪ್ಪ ಕಮ್ಮಾರನ ಕುಲುಮೆಯಲ್ಲಿ ಹುಟ್ಟಿದೆ. ಕೆಟ್ಟ ಲಾರಿಯ ಸ್ಪ್ರಿಂಗ್ ಪಾಟಾ ಕಡಿದು ನನ್ನ ಬಾಯಿ ಮಾಡಿದ. ನೀರಿನ ಪೈಪು ನನ್ನ ಮೈ. ಅಡ್ಡ ಬೆಸೆದ ತುಂಡು ಪೈಪು ಹಿಡಿಕೆ. ಕಾಯಿಸಿದ, ಬಡಿದ, ನೀರಿಗೆ ಅದ್ದಿದ. ಆ ದಿನ ಅವನಿಗೆ ಹಲ್ಲುನೋವು. ಅದನ್ನೂ ನನ್ನ ಮೇಲೆಯೇ ತೀರಿಸಿಕೊಂಡ. ಆಳ ತಿಳಿಯಲೆಂದು ಮೈಮೇಲೆ ಗೇಣಿಗೊಂದು ಗೀಟು ಕೊರೆದ.

ನನ್ನನ್ನು ಮಾಡಿಸಿದವರು ಮಣ್ಣಿನ ಸರ್ವೆಗೆ ಬಂದಿದ್ದ ಗಲಗಲಿ ಸಾಹೇಬರು. ಗೀಟು ನೋಡಿ ಕೆಂಡವಾದರು.

"ಗೇಣು ಅಂದ್ರ ಯಾರ ಗೇಣೋ? ನಿಂದೋ, ನಂದೋ?"

"ನನ್ನ ಕುಲಿಮ್ಯಾಗ ನನ್ನ ಗೇಣರಿ, ಸಾಹೇಬ್ರ."

"ಸರಕಾರಕ್ಕ ನಿನ್ನ ಗೇಣು ನಡೆಯೂದಿಲ್ಲ. ಸೆಂಟಿಮೀಟರ್ ಹಾಕು."

ಕಾಳಪ್ಪ ಗೇಣಿನ ಗೀಟು ಅಳಿಸಲಿಲ್ಲ. ಇನ್ನೊಂದು ಬದಿಗೆ ಸೆಂಟಿಮೀಟರ್ ಕೊರೆದು ನನ್ನನ್ನು ಅವರ ಕಾಲ ಬಳಿ ಎಸೆದ. ಹಾಗಾಗಿ ನನಗೆ ಎರಡು ಅಳತೆ.

ಗಲಗಲಿ ಸಾಹೇಬರ ಜೊತೆ ಏಳು ವರ್ಷ ಡೋಣಿ ನದಿಯ ಎರಡೂ ದಂಡೆ ತಿರುಗಿದೆ. ತಿರುವುತ್ತಿದ್ದವನು ದಿನಗೂಲಿಯ ದುಂಡಪ್ಪ. ಸಾಹೇಬರು ಕೊಡೆಯ ನೆರಳಲ್ಲಿ ಕುಳಿತು ಬರೆಯುತ್ತಿದ್ದರು. ಅವನ ಹೆಸರು ಅವರಿಗೆ ಕೊನೆಯವರೆಗೂ ಬಾಯಿಗೆ ಬರಲಿಲ್ಲ. "ಏ ತಿರುವಾಂವ" ಅನ್ನುತ್ತಿದ್ದರು.

ಮಣ್ಣಿಗೆ ನಾನು ಬೇಡ. ಇದನ್ನು ಮೊದಲ ವಾರದಲ್ಲೇ ಕಲಿತೆ. ದಿಬ್ಬದ ಮೇಲಿನ ಮಸಾರಿ, ಅಂದರೆ ಕೆಂಪು ಮಣ್ಣು, ಮಾತಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಎರಡು ಗೇಣಿಗೆ ಗರಸು. ಅದು ಕಲ್ಲಲ್ಲ, ಮಣ್ಣೂ ಅಲ್ಲ, ಅರ್ಧ ಕರಗಿದ ಬಂಡೆಯ ನುಚ್ಚು. ನೀರನ್ನು ಹಿಡಿಯುವುದಿಲ್ಲ, ಬೇರನ್ನು ಬಿಡುವುದಿಲ್ಲ, ನನ್ನ ಹಲ್ಲನ್ನು ತಿನ್ನುತ್ತದೆ. ಹಳ್ಳದ ದಂಡೆಯ ಸವಳಿಗೆ ಮೇಲೆ ಉಪ್ಪಿನ ಬಿಳಿ ಪೊರೆ. ಅಲ್ಲಿ ಬಿತ್ತಿದ ಕಾಳು ಮೊಳಕೆಯಲ್ಲೇ ಸಾಯುತ್ತದೆ.

ಕಪ್ಪು ಎರೆಯ ಹಗೆ ಬೇರೆ ತರಹದ್ದು. ಬೇಸಿಗೆಯಲ್ಲಿ ಅದು ಇಟ್ಟಿಗೆ. ಆಡಿನ ಕಾಲು ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಪುಡಿ ಆ ಬಿರುಕಿಗೆ ಬೀಳುತ್ತದೆ. ಮಳೆ ಬಂದರೆ ಉಬ್ಬಿ ಬಾಯಿ ಮುಚ್ಚುತ್ತದೆ. ಹೀಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ; ಯಾರೂ ಉಳದಿದ್ದರೂ ಅದು ತನ್ನನ್ನು ತಾನು ಉತ್ತುಕೊಳ್ಳುತ್ತದೆ. ಹಸಿಯಿದ್ದಾಗ ಒಮ್ಮೆ ನನ್ನನ್ನು ಕಚ್ಚಿ ಹಿಡಿಯಿತು. ನಾಲ್ಕು ಜನ ಹಗ್ಗ ಕಟ್ಟಿ ಎಳೆದರು. ಸಾಹೇಬರು ಒದ್ದರು, ಮಣ್ಣನ್ನಲ್ಲ, ನನ್ನನ್ನು. ಆದರೆ ಆ ಮಣ್ಣು ಹಿಡಿದ ನೀರನ್ನು ಬಿಡುವುದಿಲ್ಲ. ಮಳೆ ನಿಂತು ನಾಲ್ಕು ತಿಂಗಳಾದ ಮೇಲೂ ಅದರ ಹೊಟ್ಟೆಯಲ್ಲಿ ತಂಪಿರುತ್ತದೆ. ಹಿಂಗಾರಿ ಜೋಳ ಒಂದು ಹನಿ ನೀರು ಕಾಣದೆ ಆಳೆತ್ತರ ನಿಲ್ಲುವುದು ಅದರ ಮೇಲೇ.

ಜನರಿಗೂ ನಾನು ಬೇಡವಾಗಿದ್ದೆ. ಅಣೆಕಟ್ಟಿನ ಹಿನ್ನೀರಿಗೆ ಊರುಗಳು ಹೋಗುವ ಮೊದಲು ಯಾರೋ ಬಂದು ಇದೇ ರೀತಿ ನೆಲ ಕೊರೆದಿದ್ದರಂತೆ. "ಗಿರಮಿಟ್ಟ ಬಂತಂದ್ರ ಹೊಲ ಹೋತು" ಅನ್ನುತ್ತಿದ್ದರು. ಒಂದೂರಿನಲ್ಲಿ ಒಬ್ಬ ಮುದುಕಿ ಬುಟ್ಟಿ ಸಗಣಿ ತಂದು ಎಸೆದಳು. ಸಿಟ್ಟು ಸಾಹೇಬರ ಮೇಲೆ. ಬಿದ್ದದ್ದು ನನ್ನ ಮೇಲೆ.

ಸರ್ವೆ ಮುಗಿಯಿತು. ಕಚೇರಿ ಖಾಲಿ ಮಾಡುವಾಗ ನನ್ನನ್ನು ಮುರಿದ ಕುರ್ಚಿಗಳ ಗುಡ್ಡೆಗೆ ಎಸೆದರು. ದುಂಡಪ್ಪ ಯಾರನ್ನೂ ಕೇಳದೆ ಹೆಗಲಿಗೆ ಹಾಕಿಕೊಂಡು ತನ್ನೂರಿಗೆ ನಡೆದ. ಹಿತ್ತಲಲ್ಲಿ ನಿಲ್ಲಿಸಿದ. ವರ್ಷಕ್ಕೊಮ್ಮೆ, ಹಿಂಗಾರಿ ಬಿತ್ತಿಗೆಗೆ ಮುಂಚೆ, ಹೊಲಕ್ಕೆ ಒಯ್ದು ಇಳಿಸುತ್ತಿದ್ದ. ಹಸಿ ನಾಲ್ಕು ಗೇಣು ಇಳಿದಿದ್ದರೆ ಜೋಳ. ಮೂರೇ ಇದ್ದರೆ ಕಡಲೆ. ಉಳಿದ ಕಾಲದಲ್ಲಿ ನನಗೆ ಕರು ಕಟ್ಟುತ್ತಿದ್ದ. ಒಳ್ಳೆಯವನಲ್ಲ, ಕೆಟ್ಟವನೂ ಅಲ್ಲ. ಮಾತು ಕಡಿಮೆ.

ದುಂಡಪ್ಪನ ಹೊಲಕ್ಕೆ ತಾಗಿ ಮೇಲುಗಡೆ ಸಂಗನಬಸುವಿನ ತಂದೆಯ ಹೊಲವಿತ್ತು. ನಡುವೆ ಒಂದು ಒಡ್ಡು. ಹನ್ನೊಂದು ವರ್ಷಗಳ ಹಿಂದೆ ಒಂದು ಮಳೆಗಾಲ ಆ ಒಡ್ಡು ಒಡೆದು, ನಿಂತ ನೀರೆಲ್ಲ ದುಂಡಪ್ಪನ ಹೊಲದ ಮೇಲೆ ಹಾಯಿತು. ಒಂದು ಮೊಳ ಮೇಲ್ಮಣ್ಣು ಹಳ್ಳ ಸೇರಿತು. ಮಳೆಗೆ ಒಡೆಯಿತು ಅಂದರು ಅವರು. ಗುದ್ದಲಿ ಹಾಕಿ ಒಡೆದಿರಿ ಅಂದ ಇವನು. ಕೋರ್ಟಿಗೆ ಹೋದರು. ತಕರಾರು ತೀರುವವರೆಗೆ ಮೇಲುಗಡೆಯ ಹೊಲಕ್ಕೆ ನೇಗಿಲು ಹಾಕಬಾರದೆಂದಾಯಿತು. ಹೊಲ ಬೀಳು ಬಿತ್ತು. ಜಾಲಿ ಬೆಳೆಯಿತು. ಎರಡು ಮನೆಗಳು ಮಾತು ಬಿಟ್ಟವು. ಸಂಗನಬಸುವಿನ ತಂದೆ ತೀರಿಕೊಂಡಾಗ ದುಂಡಪ್ಪ ಮಣ್ಣಿಗೆ ಹೋಗಲಿಲ್ಲ. ಹೋದ ವರ್ಷ ತಕರಾರು ಬಿದ್ದುಹೋಯಿತು. ಮಾತು ಮಾತ್ರ ಹಿಂದಿರುಗಲಿಲ್ಲ.

ಆದ್ದರಿಂದ ಒಂದು ಸೋಮವಾರ ಸಂಗನಬಸು ನಮ್ಮ ಹಿತ್ತಲಿಗೆ ಬಂದು ನಿಂತಾಗ ದುಂಡಪ್ಪ ಮೇವು ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ಕಾಕಾ, ಗಿರಮಿಟ್ಟ ಬೇಕಾಗಿತ್ತು."

"ನಿಮ್ಮಪ್ಪ ನನ್ನ ಮಣ್ಣ ಹಳ್ಳಕ್ಕ ಕಳಿಸಿದ. ನೀ ಗಿರಮಿಟ್ಟ ಕೇಳಾಕ ಬಂದೀಯೇನು?"

"ತಿನ್ನೂ ಗಿರಮಿಟ್ಟ ಬೇಕಾಗಿದ್ರ ಹೋಟೆಲ್ಲಿಗೆ ಹೋಗ್ತಿದ್ದೆ. ಇದು ನಿನ್ನ ಹಂತ್ಯಾಕ ಅಷ್ಟಽ ಐತಿ."

ದುಂಡಪ್ಪ ನಗಲಿಲ್ಲ. ಸಂಗನಬಸು ಇನ್ನೂ ಏನೋ ಕೇಳಿದ. ದನಿ ತಗ್ಗಿಸಿದ್ದ, ನನಗೆ ಕೇಳಿಸಲಿಲ್ಲ. ದುಂಡಪ್ಪ ತಲೆ ಅಲ್ಲಾಡಿಸಿದ. ಆಮೇಲೆ ಕರುವನ್ನು ಬಿಚ್ಚಿ ಬೇರೆ ಕಡೆ ಕಟ್ಟಿ ನನ್ನನ್ನು ಕಿತ್ತು ಕೊಟ್ಟ.

"ಎಂಟ ದಿನ. ಒಂಬತ್ತನೇ ದಿನ ನಾನಽ ಬಂದು ನಿಮ್ಮ ಬಾಗಲದಾಗ ಕುಂಡ್ರತೀನಿ."

ಸಂಗನಬಸುವಿಗೆ ನಾನು ಬೇಕಾದದ್ದು ಹೀಗೆ. ಯುಗಾದಿಗೆ ಬೇರೆಯಾಗೋಣವೆಂದು ಬಸವಂತ ಹೇಳಿದ್ದ. ಮನೆತನಕ್ಕೆ ಇದ್ದದ್ದು ಎರಡು ಹೊಲ, ನಾಲ್ಕು ನಾಲ್ಕು ಎಕರೆ. ಒಂದು ಆ ಬೀಳು ಹೊಲ. ಇನ್ನೊಂದು ಊರ ಹತ್ತಿರದ ಕೆರೆ ಹೊಲ. ಕೆರೆಯ ಹೂಳೆತ್ತಿದ ವರ್ಷ ಬಸವಂತ ಆ ಕಪ್ಪು ಗೋಡನ್ನು ಟ್ರ್ಯಾಕ್ಟರಿನಲ್ಲಿ ತಂದು ಅಲ್ಲಿ ಹರಡಿಸಿದ್ದ. ಅಂದಿನಿಂದ ಹೊಲ ಕಾಡಿಗೆ ಬಳಿದಂತೆ ಕಾಣುತ್ತಿತ್ತು. ಕೊಳವೆಬಾವಿಯ ನೀರಿಗೆ ಉಳ್ಳಾಗಡ್ಡಿ ಬರುತ್ತಿತ್ತು. ಊರಲ್ಲಿ ಅದನ್ನು ಹೊಗಳದವರಿಲ್ಲ.

ದಾನೇಶ್ವರಿ ಕೃಷಿ ಕಾಲೇಜಿನಲ್ಲಿ ಓದಿದವಳು. ಮೇಲಿನ ಬಣ್ಣ ನೋಡಿ ಹೊಲ ಆರಿಸಬೇಡಿ ಎಂದು ಅವನಿಗೆ ಹೇಳಿದ್ದಳು. ಬುಧವಾರ ಬೆಳಿಗ್ಗೆ ಇಬ್ಬರೂ ಬೀಳು ಹೊಲಕ್ಕೆ ಬಂದರು. ಹಿಡಿಕೆಯ ಒಂದು ತುದಿ ಅವನು, ಒಂದು ತುದಿ ಅವಳು. ಮೇಲಿನ ಗೇಣು ಬಂಡೆಯಂತಿತ್ತು. ಅವನು ಬೆವರಿದ. "ಕಾಲೇಜಿನ್ಯಾಗ ಇದನ್ನ ಯಾರ ತಿರುವತಿದ್ರು?" ಅಂದ. "ಹುಡುಗೂರು," ಅಂದಳು. "ನೀವು?" "ಬರೀತಿದ್ವಿ." ಅವನು ನಕ್ಕ. ನಾನು ಐದು ಅಡಿ ಇಳಿದೆ. ತಳ ಸಿಗಲಿಲ್ಲ. ಬಾಯ್ತುಂಬ ಕಪ್ಪು ಮಣ್ಣು, ನಡುವೆ ಸುಣ್ಣದ ಹರಳು. ನನ್ನ ಇಷ್ಟು ವರ್ಷಗಳಲ್ಲಿ ನನ್ನನ್ನು ಹಿಡಿದು ಯಾರೂ ನಕ್ಕಿರಲಿಲ್ಲ. ನನಗೆ ಅದು ಹಿಡಿಸಿತೆಂದು ಹೇಳಲಾರೆ. ವಿಚಿತ್ರವೆನಿಸಿತು.

ಆ ಸಂಜೆ ಊಟಕ್ಕೆ ಕುಳಿತಾಗ ಅವನು ಒಂದು ತಪ್ಪು ಮಾಡಿದ. ಒಡಹುಟ್ಟಿದವನ ಮುಂದೆ ಮುಚ್ಚಿಡುವುದು ಅವನಿಗೆ ಬರುತ್ತಿರಲಿಲ್ಲ.

"ಅಣ್ಣಾ, ಬೀಳು ಹೊಲ ಐದ ಫೂಟ ಎರಿ ಐತಿ. ಇನ್ನೂ ಕೆಳಗೈತಿ. ಕೆರಿ ಹೊಲಾನೂ ಒಂದ ಸಲ ನೋಡೂಣು, ಆಮ್ಯಾಲ ಪಾಲ ಮಾಡೂಣು."

ಬಸವಂತ ರೊಟ್ಟಿ ಮುರಿದ. "ನೋಡೂಣು ತಗೋ," ಅಂದ.

ನೋಡಲಾಗಲಿಲ್ಲ. ಶುಕ್ರವಾರ ಸಂತೆಯಿಂದ ಬರುವಾಗ ಸಂಗನಬಸುವಿನ ಬೈಕು ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬಡಿಯಿತು. ಅವನಿಗೆ ಮೂವತ್ತೊಂದು ವರ್ಷ.

ಆ ಮನೆತನದವರನ್ನೆಲ್ಲ ಊರ ರುದ್ರಭೂಮಿಯಲ್ಲಿ ಮಣ್ಣು ಮಾಡಿದ್ದರು. ಬಸವಂತ ಬೇಡವೆಂದ. "ನನ್ನ ತಮ್ಮ ನಮ್ಮ ಹೊಲದಾಗಽ ಇರ್ಲಿ," ಅಂದ. ಜನ ಕಣ್ಣೊರೆಸಿಕೊಂಡರು. ಕೆರೆ ಹೊಲದ ಮೂಲೆಯಲ್ಲಿ ಕುಣಿ ತೋಡಿಸಿದ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕುಣಿ ಆಳ ಬೇಕು. ಸಂಜೆ ಕುಣಿ ತೋಡಿದವರಿಬ್ಬರು ಅಂಗಳಕ್ಕೆ ಬಂದು ಕೈಕಾಲು ತೊಳೆದರು.

"ಏನ ಹೊಲಾನೋ ಮಾರಾಯಾ. ಗೇಣ ಸಲಿಕಿ ಹ್ವಾದ ಮ್ಯಾಲ ಬರೇ ಹಾರಿ."

"ಸುಮ್ನ ಇರು. ಮನಿ ಮಂದಿ ಅದಾರ."

ಬಾಗಿಲ ಹಿಂದೆ ದಾನೇಶ್ವರಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಅದಕ್ಕೂ ಜನ ಮಾತಾಡಿದರು.

ಬಸವಂತ ಬೇಕೆಂದೇ ಆ ಜಾಗ ಆರಿಸಿದನೋ, ದುಃಖದಲ್ಲಿ ತೋಚಿದ್ದು ಮಾಡಿದನೋ, ನನಗೆ ಗೊತ್ತಿಲ್ಲ. ಅಂಥದ್ದನ್ನು ಅಳೆಯುವ ಗೀಟು ನನ್ನ ಮೈಮೇಲಿಲ್ಲ.

ಎಂಟನೇ ದಿನ ಕಳೆಯಿತು. ದುಂಡಪ್ಪ ಬರಲಿಲ್ಲ. ಗುಜರಿಯವನು ಎರಡು ಸಲ ಬಂದ. ಎರಡು ಸಲವೂ ದಾನೇಶ್ವರಿ ಹೊರಗೆ ಬಂದು ನನ್ನ ಪಕ್ಕ ನಿಂತಳು. ಮೂರನೇ ಸಲ ಅವನು ನನ್ನ ಕಡೆ ನೋಡಲಿಲ್ಲ. ರಾತ್ರಿ ಮಲಗುವ ಮುನ್ನ ಅವಳು ನನ್ನನ್ನು ತನ್ನ ಕೋಣೆಗೆ ಒಯ್ದು ಮೂಲೆಗೆ ನಿಲ್ಲಿಸತೊಡಗಿದಳು. ನನ್ನ ಜೊತೆ ಮಾತಾಡಲಿಲ್ಲ. ನಾನೂ ಬಯಸಲಿಲ್ಲ.

ಯುಗಾದಿ ಮುಗಿದ ಐದನೇ ದಿನ ಪಾಲಿನ ಮಾತಿಗೆ ಹಿರಿಯರನ್ನು ಕರೆದರು. ಊರಿನ ಅಡಿವೆಪ್ಪಜ್ಜ ಮತ್ತು ಇನ್ನಿಬ್ಬರು. ಆ ಊರಿನಲ್ಲಿ ಪಾಲು ಮಾಡುವವನು ಹಿರಿಮಗ, ಆರಿಸುವವನು ಕಿರಿಮಗ. ಕಿರಿಯವನಿಗೆ ಮೋಸವಾಗಬಾರದೆಂದು ಮಾಡಿದ ಪದ್ಧತಿ. ಕಿರಿಯವನು ಇಲ್ಲ, ಅವನ ಹೆಂಡತಿ ಆರಿಸಬೇಕು. ಬಸವಂತ ಅದನ್ನು ಅವಳಿಗೆ ಕಷ್ಟವಾಗದಂತೆ ಮಾಡಿಟ್ಟಿದ್ದ.

"ಅಜ್ಜಾ, ನಾ ಬಾಯಿ ಬಿಟ್ಟ ಹೇಳ್ತೀನಿ. ಕೆರಿ ಹೊಲ ದಾನವ್ವಗಿರ್ಲಿ. ನನ್ನ ಕೈಯಾರೆ ಗೋಡು ಹೊಡದ ಹೊಲ. ನನ್ನ ತಮ್ಮ ಅಲ್ಲೇ ಕುಂತಾನ. ಆಕಿ ಕಣ್ಮುಂದ ಇರ್ತಾನ. ಆ ಜಾಲಿ ಬೀಳು ನನಗಽ ಇರ್ಲಿ, ಕಡದು ಕಿತ್ತು ಏನರೆ ಮಾಡ್ಕೋತೀನಿ."

"ದೊಡ್ಡ ಮನಸು," ಅಂದರು ಹಿರಿಯರಲ್ಲೊಬ್ಬರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರೂ ದಾನೇಶ್ವರಿಯ ಕಡೆ ನೋಡಿದರು. ಅವಳು ಕೋಣೆಗೆ ಹೋಗಿ ನನ್ನನ್ನು ಎತ್ತಿಕೊಂಡು ಬಂದಳು.

"ಇಳಿಸಿ ನೋಡೂಣ್ರಿ, ಅಜ್ಜಾರ. ಎರಡೂ ಹೊಲ."



"ಹೆಣ್ಮಗಳು ಗಿರಮಿಟ್ಟ ಹೊತ್ಕೊಂಡ ಹೊಲ ತಿರಗೂದು ನಾ ಇಷ್ಟ ವಯಸ್ಸಿಗೆ ನೋಡಿಲ್ಲ," ಅಂದ ಅಡಿವೆಪ್ಪಜ್ಜ. ಆದರೂ ಕೋಲು ಊರಿ ಎದ್ದ. ಆರಿಸುವವರು ನೋಡುತ್ತೇನೆಂದರೆ ಬೇಡವೆನ್ನುವ ಪದ್ಧತಿ ಇರಲಿಲ್ಲ.

ಕೆರೆ ಹೊಲದಲ್ಲಿ ಸಂಗನಬಸುವಿನ ಹೊಸ ಗದ್ದಿಗೆಯ ಮಣ್ಣು ಇನ್ನೂ ಕುಸಿದಿರಲಿಲ್ಲ. ಅದರ ಮೇಲೆ ಯಾರೋ ಇಟ್ಟ ಬಿಲ್ವಪತ್ರಿ ಒಣಗಿತ್ತು. ಅವಳು ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರ ಹೋಗಿ ನನ್ನನ್ನು ನೆಟ್ಟಳು. ತಾನೇ ತಿರುವಿದಳು. ಯಾರೂ ಕೈ ಹಾಕಲಿಲ್ಲ. ಗೇಣು ಕಪ್ಪು ಮಣ್ಣು ಸಲೀಸಾಗಿ ಬಂತು. ಆಮೇಲೆ ನಾನು ಕಿರುಗುಟ್ಟಿದೆ. ಹಳದಿ ನುಚ್ಚು ಬಂತು. ಇನ್ನೂ ಒತ್ತಿದಳು. ನಿಂತೆ.

"ಅಲ್ಲೊಂದ ಕಲ್ಲಿನ ಎಳಿ ಐತಿ," ಅಂದ ಬಸವಂತ. "ಈ ಕಡೆ ಬಾ."

ಆ ಕಡೆ ಹೋದಳು. ಗೇಣು ಕಪ್ಪು, ಕೆಳಗೆ ಗರಸು. ಕೊಳವೆಬಾವಿಯ ಹತ್ತಿರ ಗೇಣಿನ ಮೇಲೆ ನಾಲ್ಕು ಬೆರಳು, ಕೆಳಗೆ ಗರಸು. ಬದುವಿನ ಅಂಚಿಗೆ ಒತ್ತಿದಾಗ ನನ್ನ ಬಾಯಿಯ ಎರಡು ಹಲ್ಲು ಮುರಿದವು. ಅವಳಿಗೆ ಗೊತ್ತಾಯಿತು, ಹಿಡಿಕೆ ಜರ್ರನೆ ತಿರುಗಿತು. ಅವಳು ನಿಲ್ಲಿಸಲಿಲ್ಲ. ತಂದ ಮಣ್ಣನ್ನೆಲ್ಲ ಗೋಣಿತಾಟಿನ ಮೇಲೆ ಸಾಲಾಗಿ ಸುರಿದಳು. ಅವಳ ಅಂಗೈ ಸುಲಿದಿತ್ತು. ನನ್ನ ಹಿಡಿಕೆ ಒದ್ದೆಯಾಗಿತ್ತು.

"ಇದು ನಿಮ್ಮ ಗೋಡು, ಭಾವಾರ. ಇದು ಹೊಲ. ನೀರ ಬಿಟ್ರ ಬೆಳೀತೈತಿ, ಬಿಡೂತನಕ. ಬೇರು ಗೇಣಿಗೇ ನಿಲ್ತಾವು."

"ಓದಿದ ಮಾತು," ಅಂದ ಬಸವಂತ. "ಏಳ ವರ್ಷ ಉಳ್ಳಾಗಡ್ಡಿ ತಿಂದಿಲ್ಲೇನು ಇದರದ?"

ಬೀಳು ಹೊಲ ನೋಡಲು ಹೊರಟಾಗ ಬಿಸಿಲೇರಿತ್ತು. ಹೊಲ ನೋಡಲು ಚೆಂದವಿರಲಿಲ್ಲ. ಜಾಲಿ, ಬಿರುಕು, ಮೇಲೆಲ್ಲ ಚೆಲ್ಲಿದ ಬಿಳಿ ಹರಳು. ಮುರಿದ ಬಾಯಲ್ಲಿ ನಾನು ಮೊದಲಿಗೆ ಆ ಇಟ್ಟಿಗೆಯಂಥ ನೆಲಕ್ಕೆ ಇಳಿಯಲಾರದೆ ಹೋದೆ. ಅವಳು ಹಿಡಿಕೆಯ ಮೇಲೆ ಮೈಭಾರ ಹಾಕಿದಳು. ಒಂದು ಗೇಣು. ಎರಡು. ಮೂರು. ಆಮೇಲೆ ಮಣ್ಣು ಮೆತ್ತಗಾಯಿತು. ನಾಲ್ಕನೇ ಗೇಣಿಗೆ ತಂಪು ತಗುಲಿತು. ಏಳನೆಯದಕ್ಕೆ ನನ್ನ ಮೈ ಮುಗಿಯಿತು. ತಳ ಬರಲಿಲ್ಲ. ಏಳು ಗುಡ್ಡೆ ಮಣ್ಣು, ಏಳೂ ಒಂದೇ ಕಪ್ಪು.

ಅಡಿವೆಪ್ಪಜ್ಜ ಬಾಗಿ ಕೊನೆಯ ಗುಡ್ಡೆಯಿಂದ ಒಂದು ಹೆಂಟೆ ತೆಗೆದು ಹಿಸುಕಿದ. ಅಂಗೈ ನೋಡಿಕೊಂಡ.

"ಹಸಿ ಐತಿ," ಅಂದ. ಯಾರನ್ನೂ ಉದ್ದೇಶಿಸಿ ಅಲ್ಲ. "ಯುಗಾದಿ ಆದ ಮ್ಯಾಲ."

ಬಸವಂತ ಆಗ ದನಿ ಬದಲಿಸಿದ. ಅವಳ ಹತ್ತಿರ ಬಂದು ನಿಂತ.

"ದಾನವ್ವ, ಅಲ್ಲಿ ಅವ ಒಬ್ನಽ ಕುಂತಾನ. ನೀ ಬಿಟ್ಟ ಬಂದ್ರ ಅದು ನನ್ನ ಹೊಲ. ನನ್ನ ಹೊಲದಾಗ ನಾ ಯಾರಿಗೂ ಕಾಲಿಡಾಕ ಬಿಡಾಂವಲ್ಲ."

"ವರ್ಷದ ಕಾರ್ಯಕ್ಕೂ?"

"ಕಾರ್ಯಕ್ಕೂ."

ಹಿರಿಯರು ಜಾಲಿಮರ ನೋಡಿದರು. ಪದ್ಧತಿ ಹೊಲದ ಬಗ್ಗೆ ಹೇಳುತ್ತಿತ್ತು. ಗದ್ದಿಗೆಯ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಅವಳು ಉತ್ತರ ಕೊಡಲು ತಡ ಮಾಡಿದಳು. ಎಷ್ಟು ತಡವೆಂದರೆ, ಅಂದು ನಲ್ಲಿಯ ಮುಂದೆ ನಿಂತಂತೆ ಈಗಲೂ ಹಾಗೇ ನಿಂತುಬಿಡುತ್ತಾಳೆಂದು ನಾನು ಅಂದುಕೊಂಡೆ. ಅವಳಿಗೆ ಮುಂದೆ ನಲವತ್ತು ವರ್ಷ ಉಣ್ಣಬೇಕಿತ್ತು. ತವರಿನಲ್ಲಿ ತಮ್ಮನಿಗೆ ಮದುವೆಯಾಗಿತ್ತು. ಕೊಳವೆಬಾವಿ ಇರುವವರೆಗೆ ಮಾತ್ರ ಹಸಿರಾಗಿರುವ ಹೊಲ ಒಂದು ಕಡೆ. ಮಳೆಯನ್ನೇ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹೊಲ ಇನ್ನೊಂದು ಕಡೆ. ಅವನು ಮೊದಲನೆಯದರಲ್ಲಿ ಕುಳಿತಿದ್ದ.

"ನನಗ ಇದು ಇರ್ಲಿ," ಅಂದಳು.

"ಏನಂದಿ?"

"ಬೀಳು ಹೊಲ. ನನಗ ಇದು ಇರ್ಲಿ."

ಪದ್ಧತಿಯಂತೆ ಅಡಿವೆಪ್ಪಜ್ಜ ಮೂರು ಸಲ ಕೇಳಬೇಕು. ಮೂರು ಸಲ ಕೇಳಿದ. ಮೂರು ಸಲವೂ ಅದೇ ಹೇಳಿದಳು.

ಮನೆಗೆ ಬಂದಾಗ ಸುದ್ದಿ ಮೊದಲೇ ತಲುಪಿತ್ತು. ಅತ್ತೆ ಹೊಸ್ತಿಲಲ್ಲಿ ಕುಳಿತಿದ್ದಳು. "ಗಂಡನ್ನ ಮಣ್ಣಾಗ ಬಿಟ್ಟು ಮಣ್ಣ ಆರಿಸಿಕೊಂಡ ಬಂದ್ಲು ನೋಡ್ರಿ," ಎಂದು ಬೀದಿಗೆ ಕೇಳುವಂತೆ ಹೇಳಿದಳು. ಎದ್ದು ದಾರಿ ಬಿಡಲಿಲ್ಲ. ದಾನೇಶ್ವರಿ ಹಿತ್ತಲ ಬಾಗಿಲಿಂದ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ತಂಪಿನಲ್ಲೇ ನನ್ನನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಬೀದಿಯಲ್ಲಿ ಹೆಂಗಸರು ಕಸ ಗುಡಿಸುವುದನ್ನು ನಿಲ್ಲಿಸಿ ನೋಡಿದರು. ಯಾರೂ ಮಾತಾಡಿಸಲಿಲ್ಲ. ನಾನು ಮುರಿದಿದ್ದೆ. ಕಾಳಪ್ಪ ಸತ್ತು ಹದಿನೈದು ವರ್ಷ. ಈಗ ಆ ಊರಲ್ಲಿ ಕುಲುಮೆ ಇಲ್ಲ. ಇನ್ನು ನಾನು ಇಳಿಯುವುದಿಲ್ಲ. ಕರು ಕಟ್ಟುವುದಕ್ಕೆ ಹಲ್ಲು ಬೇಕಿಲ್ಲ. ನನ್ನ ಆಯುಷ್ಯದಲ್ಲಿ ಸಾವಿರಾರು ಕಡೆ ಇಳಿದಿದ್ದೇನೆ. ತಂದ ಮಣ್ಣಿಗೆ ಯಾರೂ ಸಂತೋಷಪಟ್ಟಿಲ್ಲ. ಆಳವಿದ್ದರೆ ಕಿತ್ತಾಡಿದರು, ಇಲ್ಲದಿದ್ದರೆ ನನ್ನನ್ನು ಬೈದರು. ನಾನು ಯಾವತ್ತೂ ಮಣ್ಣನ್ನು ಬದಲಿಸಲಿಲ್ಲ. ಇದ್ದದ್ದನ್ನು ತಂದೆ. ಅದಕ್ಕಿಂತ ದೊಡ್ಡ ಹಗೆ ಇವರಿಗೆ ಬೇರೆ ಇಲ್ಲವೆಂದು ತೋರುತ್ತದೆ.

ದುಂಡಪ್ಪ ಹಿತ್ತಲಲ್ಲಿ ದನಕ್ಕೆ ನೀರು ಇಡುತ್ತಿದ್ದ. ಅವಳನ್ನು ನೋಡಿದ. ಬಾ ಅನ್ನಲಿಲ್ಲ.

"ಕಾಕಾ, ಇದನ್ನ ಕೊಟ್ಟ ಹೋಗಾಕ ಬಂದೀನ್ರಿ. ಅವರು ಒಯ್ದಿದ್ರು."

"ಎಂಟ ದಿನ ಅಂದಿದ್ದೆ."

"ಹೌದ್ರಿ."

"ಒಂಬತ್ತನೇ ದಿನ ಬರಬೇಕಂದಿದ್ದೆ. ಮಣ್ಣಿಗೇ ಬರದಾಂವ ಕಬ್ಬಣಕ್ಕ ಹ್ಯಾಂಗ ಬರ್ಲಿ." ಬಕೆಟ್ಟು ಕೆಳಗಿಟ್ಟ. ನನ್ನ ಬಾಯಿಯನ್ನು ಹೆಬ್ಬೆರಳಿಂದ ಸವರಿದ. "ಹಲ್ಲ ಮುರದೀರಿ."

"ಕೆರಿ ಹೊಲದ ಗರಸಿಗೆ ಮುರದ್ವು."

"ಆ ಹೊಲ ಸರ್ವೇದಾಗ ನಾನಽ ತಿರುವೀನಿ. ಗರಸು ಐತಿ ಅಂತ ನನಗ ಅವತ್ತಿಂದ ಗೊತ್ತೈತಿ."

ನನಗೆ ಆ ಹೊಲದ ನೆನಪಿರಲಿಲ್ಲ. ಅವಳು ಅವನ ಮುಖ ನೋಡಿದಳು. "ಅವರು ಕೇಳಲಿಲ್ಲೇನ್ರಿ?"

"ಕೇಳಿದ. ಆ ಹೊಲದ ಕೆಳಗ ಏನೈತಿ ಕಾಕಾ ಅಂತ ಇಲ್ಲೇ ನಿಂತು ಕೇಳಿದ. ನಿಮ್ಮ ಮನಿ ಮಂದಿಗೆ ನಾ ಯಾಕ ಹೇಳ್ಲಿ? ಕಬ್ಬಣ ಕೊಟ್ಟೆ. ಮಾತ ಕೊಡಲಿಲ್ಲ."

ದನ ನೀರು ಕುಡಿಯುವ ಸದ್ದು ಕೇಳುತ್ತಿತ್ತು. ಅವನೇ ಮತ್ತೆ ಮಾತಾಡಿದ. ಈಗ ದನಿ ಸ್ವಲ್ಪ ತಗ್ಗಿತ್ತು, ಆದರೆ ಮೆತ್ತಗಾಗಿರಲಿಲ್ಲ.

"ಬೀಳು ಹೊಲ ನಿನಗ ಬಂತಂತ. ಒಡ್ಡು ಇನ್ನ ನಿಂದು. ಒಡದ್ರ ನಿನ್ನ ಬಾಗಲಕ್ಕ ಬರ್ತೀನಿ."

"ಬರ್ರಿ."

"ಊರಾಗ ಅಂತಾರ. ಅವನ್ನ ಬಿಟ್ಟ ಬಂದಿ ಅಂತ."

"ಹೌದ್ರಿ," ಅಂದಳು. "ಬಿಟ್ಟ ಬಂದೀನಿ."

ದುಂಡಪ್ಪ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಕೈ ಚಾಚಿದ. ಅವಳು ನನ್ನನ್ನು ಹೆಗಲಿಂದ ಇಳಿಸಿ, ಹಿಡಿಕೆಯನ್ನು ಅವನ ಕಡೆ ತಿರುಗಿಸಿ ಕೊಟ್ಟಳು. ಸುಲಿದ ಅಂಗೈಗೆ ಬಟ್ಟೆ ಸುತ್ತಿತ್ತು. ಅದರ ಬಿಸಿ ಹಿಡಿಕೆಯ ಕಬ್ಬಿಣದಲ್ಲಿ ಉಳಿದಿತ್ತು. ಅವಳು ಬೇಲಿ ದಾಟುವುದರೊಳಗೆ ಆರಿತು.